ಎಳೆಯ ಮಿದುಳೂ ಗಾಂಜೆಯ ಮರವೆಯೂ

ಅರಿವು, ಮರವೆ ಎಂಬ ಎರಡು ಮಾತುಗಳು ಶರಣರ ವಚನವಾಙ್ಮಯದಲ್ಲಿ ಹೆಜ್ಜೆಹೆಜ್ಜೆಗೂ ಕಾಣಬರುವುವು. ಅರಿವಿಗೆ ಗುರುಸ್ಥಾನವನ್ನಿತ್ತ ಧರ್ಮದಲ್ಲಿ ಮರವೆಯೆಂಬುದು ಕೇವಲ ನೆನಪಿನ ದೋಷವಲ್ಲ. ಜೀವನು ತನ್ನ ನಿಜವನ್ನು ತಾನೇ ಕಾಣಲಾರದೆ ಕತ್ತಲೆಯಲ್ಲಿ ಕುಳಿತಿರುವ ಸ್ಥಿತಿಯದು. ಆ ಮರವೆಯು ಹುಟ್ಟಿನೊಡನೆ ಬಂದುದು. ಗುರುಕಾರುಣ್ಯದಿಂದಲೂ ಸತ್ಕ್ರಿಯೆಯಿಂದಲೂ ಅದನ್ನು ಮೆಲ್ಲಮೆಲ್ಲನೆ ಕಳೆದುಕೊಳ್ಳುತ್ತ ಹೋಗುವುದೇ ಸಾಧನೆಯೆನಿಸುವುದು. ಹೀಗಿರಲು, ಹಣ ಕೊಟ್ಟು ಕದ್ದುಮುಚ್ಚಿ ತಂದು, ಬೆಂಕಿ ಹಚ್ಚಿ ಒಳಕ್ಕೆಳೆದುಕೊಳ್ಳುವ ಮರವೆಯೊಂದುಂಟು. ಭಂಗಿ, ಗಾಂಜಾ, ಚರಸ್ ಎಂಬ ಮೂರು ಹೆಸರುಗಳಿಂದ ಬರುವ ಒಂದೇ ಗಿಡದ ಮರವೆಯದು. ಬಲಿತವನಲ್ಲಿ ಅದು ಇರುವ ಅರಿವನ್ನು ಮುಸುಕುತ್ತದೆ. 13, 14 ವರುಷದ ಮಗುವಿನಲ್ಲಾದರೋ, ಇನ್ನೂ ಬರಬೇಕಾಗಿರುವ ಅರಿವಿನ ದಾರಿಗೇ ಅಡ್ಡ ಬೀಳುತ್ತದೆ. ಈ ಎರಡರ ಭೇದವನ್ನು ಸದ್ಗೃಹಸ್ಥರು ಚೆನ್ನಾಗಿ ಮನಗಾಣಬೇಕಾಗಿದೆ.

ಮಗುವಿನ ಮೈ ಬೆಳೆಯುವುದು ತಾಯಿತಂದೆಗಳ ಕಣ್ಣಿಗೆ ಕಾಣುತ್ತದೆ. ಮಿದುಳು ಬೆಳೆಯುವುದು ಕಾಣದು. ಆರು ವರುಷ ತುಂಬುವ ಹೊತ್ತಿಗೆ ಮಿದುಳಿನ ಗಾತ್ರವು ಪ್ರೌಢನ ಮಿದುಳಿನ 100ಕ್ಕೆ ಸುಮಾರು 90 ಪಾಲನ್ನು ಮುಟ್ಟಿಬಿಟ್ಟಿರುತ್ತದೆ. ಇದನ್ನು ಕೇಳಿದವರು ಇನ್ನು ಉಳಿದುದು ಸ್ವಲ್ಪವೇ ಎಂದುಕೊಳ್ಳಬಹುದು. ಅದು ಸರಿಯಲ್ಲ. ಗಾತ್ರದ ಬೆಳವಣಿಗೆ ನಿಂತ ಮೇಲೆಯೇ ಒಳಗಿನ ನಿಜವಾದ ಕೃಷಿಯು ನಡೆಯತಕ್ಕದ್ದು. ಎರೆಹೊಲದಲ್ಲಿ ಜೋಳವನ್ನು ಬಿತ್ತಿದ ಒಕ್ಕಲಿಗನು ಮೊಳೆತ ಸಸಿಗಳನ್ನೆಲ್ಲ ಹಾಗೆಯೇ ಬಿಡುವುದಿಲ್ಲ. ಒತ್ತಾಗಿ ಬಿದ್ದವನ್ನು ಕಿತ್ತು, ನಿಲ್ಲಬೇಕಾದುದಕ್ಕೆ ಎಡೆ ಮಾಡಿಕೊಟ್ಟು, ಬುಡಕ್ಕೆ ಮಣ್ಣೇರಿಸುತ್ತಾನೆ. ಎಳೆಯ ಮಿದುಳಿನಲ್ಲಿ ನರಕೋಶಗಳ ನಡುವೆ ಕೂಡುಗಂಟುಗಳು ಬೇಕಾದುದಕ್ಕಿಂತ ಹೆಚ್ಚಾಗಿ ಹುಟ್ಟಿರುತ್ತವೆ. ಬಳಕೆಯಲ್ಲಿ ಇರುವುವು ಗಟ್ಟಿಯಾಗಿ ನಿಲ್ಲುತ್ತವೆ, ಬಳಕೆಯಿಲ್ಲದವು ಕತ್ತರಿಸಿಹೋಗುತ್ತವೆ. ನಿಂತ ತಂತುಗಳ ಸುತ್ತ ಕೊಬ್ಬಿನ ತೆಳುಹೊದಿಕೆಯೊಂದು ಬೆಳೆದು ಸಂದೇಶವು ವೇಗವಾಗಿ ಹರಿಯುವಂತಾಗುತ್ತದೆ. ಈ ಕೃಷಿಯು ಹಿಂದಲೆಯಿಂದ ಮುಂದಲೆಯ ಕಡೆಗೆ ಸಾಗುತ್ತ, ಹಣೆಯ ಹಿಂದಣ ಭಾಗಕ್ಕೆ ಎಲ್ಲಕ್ಕಿಂತ ಕಡೆಗೆ ಬರುತ್ತದೆ. ಅಲ್ಲಿ ಅದು ಮುಗಿಯುವಾಗ ವಯಸ್ಸು 25ರ ಸುಮಾರು.

ಹಣೆಯ ಹಿಂದಣ ಆ ಭಾಗದ ಕೆಲಸವೇನೆಂದರೆ, ಮುಂದಾಗುವುದನ್ನು ಎಣಿಸುವುದು, ಎದ್ದ ಆಸೆಯನ್ನು ತಡೆಹಿಡಿಯುವುದು, ಇದು ತಕ್ಕುದು ಇದು ತಗದು ಎಂದು ವಿವೇಚಿಸುವುದು. ಭಯ, ಸಿಟ್ಟು, ಉತ್ಸಾಹಗಳನ್ನೆಬ್ಬಿಸುವ ಒಳಗಣ ಕೇಂದ್ರಗಳಾದರೋ ಹದಿಹರೆಯದ ಆರಂಭದಲ್ಲಿಯೇ ಭರದಿಂದ ಎಚ್ಚರಗೊಳ್ಳುತ್ತವೆ. ಕುದುರೆಗೆ ಬಲ ಬಂದಾಗಿದೆ, ಕಡಿವಾಣವಿನ್ನೂ ಕಮ್ಮಾರನ ಕುಲುಮೆಯಲ್ಲಿದೆ. ಹದಿನೈದರ ಹುಡುಗನು ಒಮ್ಮೆ ಮಹಾತ್ಯಾಗಿಯಂತೆಯೂ ಮರುಗಳಿಗೆಯಲ್ಲಿ ಹಟಮಾರಿಯಂತೆಯೂ ಕಾಣುವುದಕ್ಕೆ ಇದೇ ಕಾರಣ. ಅದು ದುಷ್ಟತನವಲ್ಲ, ಬೆಳೆಯುವ ಕ್ರಮವೇ ಹಾಗೆ.

ಇಂಥ ಕಾಲದಲ್ಲಿ ಗಾಂಜೆಯು ಒಳಹೊಕ್ಕು ಏನು ಮಾಡುತ್ತದೆ? ಈ ಪ್ರಶ್ನೆಗೆ ಉತ್ತರವು ಬಹುಕಾಲ ದೊರೆತಿರಲಿಲ್ಲ. ಅಫೀಮಿನ ಸಾರವಾದ ಮಾರ್ಫೀನನ್ನು 19ನೆಯ ಶತಮಾನದ ಮೊದಲಲ್ಲಿಯೇ ಬೇರ್ಪಡಿಸಿದ್ದರೂ, ಗಾಂಜೆಯಲ್ಲಿ ಅಮಲೇರಿಸುವ ಸಾರದ ರಚನೆಯು ತಿಳಿದುದು 1964ರಲ್ಲಿ. ಇಸ್ರೇಲಿನ ರಾಫಾಯೆಲ್ ಮೆಷೂಲಮ್ ಮತ್ತು ಯೆಹಿಯೇಲ್ ಗಾವೋನಿ ಎಂಬ ವಿಜ್ಞಾನಿಗಳು ಅದನ್ನು ನಿರ್ಧರಿಸಿದರು. ಟೆಟ್ರಾಹೈಡ್ರೊಕ್ಯಾನಬಿನಾಲ್ ಎಂಬ ಉದ್ದನೆಯ ಹೆಸರಿನ ಆ ದ್ರವ್ಯವನ್ನು ಟಿ.ಎಚ್.ಸಿ. ಎಂದು ಕರೆಯುವುದು ರೂಢಿ. ಅದು ಹೋಗಿ ಕೂರುವ ನೆಲೆಯೊಂದು ಮಿದುಳಿನಲ್ಲಿದೆಯೆಂಬುದು 1988ರಲ್ಲಿ ಅಮೆರಿಕದಲ್ಲಿ ಸಿದ್ಧವಾಯಿತು. ಆಗ ಹೊಸದೊಂದು ಪ್ರಶ್ನೆಯೆದ್ದಿತು. ಎಲ್ಲಿಯೋ ಬೆಳೆಯುವ ಗಿಡದ ಸಾರಕ್ಕಾಗಿ ಮನುಷ್ಯನ ಮಿದುಳಿನಲ್ಲಿ ಸೃಷ್ಟಿಯು ಪೀಠವೊಂದನ್ನು ಏಕೆ ಇರಿಸಿದ್ದೀತು? ಬೀಗವಿದ್ದ ಮೇಲೆ ಅದಕ್ಕೆ ಮನೆಯದೇ ಆದ ಕೀಲಿಯೊಂದು ಇರಲೇಬೇಕಲ್ಲವೆ? ಹುಡುಕಿದರು. 1992ರಲ್ಲಿ ದೊರೆಯಿತು. ಶರೀರವು ತಾನೇ ತಯಾರಿಸಿಕೊಳ್ಳುವ ಆ ದ್ರವ್ಯಕ್ಕೆ ಅವರು ಇಟ್ಟ ಹೆಸರು ಆನಂದಮೈಡ್. ಸಂಸ್ಕೃತದ ‘ಆನಂದ’ ಶಬ್ದವನ್ನೇ ಅವರು ಆರಿಸಿಕೊಂಡರು.

ಈ ಹೆಸರನ್ನು ಕೇಳಿ ಹಿಗ್ಗಿ ಸುಮ್ಮನಾಗುವವರೇ ಬಹಳ. ಹಿಗ್ಗುವುದಕ್ಕಿಂತ ವಿಚಾರ ಮಾಡುವುದು ಲೇಸು. ಪರಮಾನಂದವೆಂದು ಶಾಸ್ತ್ರಗಳು ಹೇಳುವುದು ಈ ದ್ರವ್ಯವನ್ನೆಂದು ಯಾರೂ ಭ್ರಮಿಸಬೇಕಾದುದಿಲ್ಲ; ರಸಾಯನವು ಬೇರೆ, ಅನುಭಾವವು ಬೇರೆ. ಆದರೆ ಮಿದುಳಿನ ಸಮಾಧಾನಕ್ಕೆ ಬೇಕಾದ ಸಾಮಗ್ರಿಯು ಹೊರಗಿನ ಚಿಲುಮೆಯಲ್ಲಿ ಇಲ್ಲ, ಹುಟ್ಟಿನಿಂದಲೇ ಒಳಗೆ ಇದೆ, ಬೇಕಾದಾಗ ಬೇಕಾದಷ್ಟೇ ಹುಟ್ಟಿ ಕೆಲಸ ಮುಗಿದೊಡನೆ ಕರಗಿಹೋಗುತ್ತದೆ ಎಂಬುದಿಷ್ಟು ಪ್ರಯೋಗದಿಂದ ಸಿದ್ಧವಾದ ಮಾತು. ಹೊರಗಣದನ್ನು ಹುಡುಕುತ್ತ ಒಳಗಣದನ್ನು ಕಳೆದುಕೊಳ್ಳುವವನ ಪಾಡನ್ನು ಶರಣರು ಬೇರೊಂದು ಪ್ರಸಂಗದಲ್ಲಿ ಮರುಗಿ ಹೇಳಿದ್ದಾರೆ. ಇಲ್ಲಿ ಅದು ಅಕ್ಷರಶಃ ನಡೆಯುತ್ತದೆ.

ಹೇಗೆಂದರೆ, ತೋಟದಲ್ಲಿ ನೀರು ಹಾಯಿಸುವುದನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವುದು. ಮೇಲಿನಿಂದ ಒಬ್ಬನು ಕಾಲುವೆಗೆ ನೀರು ಬಿಡುತ್ತಿರುತ್ತಾನೆ. ಕೆಳಗಣ ಮಡಿಯವನು ತನ್ನ ಮಡಿ ತುಂಬಿದೊಡನೆ ‘ಸಾಕು, ಕಟ್ಟು’ ಎಂದು ಮೇಲಿನವನಿಗೆ ಕೂಗಿ ಹೇಳುತ್ತಾನೆ. ನರಕೋಶಗಳ ನಡುವೆ ಸಂದೇಶವು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಆನಂದಮೈಡೂ ಅದರ ಜೊತೆಯ ಇನ್ನೊಂದು ದ್ರವ್ಯವೂ ಕೆಳಗಿನಿಂದ ಮೇಲಕ್ಕೆ ಹೋಗುವ ಕೂಗು. ಯಾವ ಮಡಿಗೆ ಎಷ್ಟು ನೀರು ಸಾಕೆಂಬುದು ಆ ಮಡಿಯವನಿಗೇ ಗೊತ್ತು. ಟಿ.ಎಚ್.ಸಿ. ಆದರೋ ಎಲ್ಲಿಂದಲೋ ಬಂದ ಪರಕೀಯನಂತೆ ಬದುವಿನ ಮೇಲೆ ನಿಂತು, ತೋಟದ ಎಲ್ಲ ಮಡಿಗಳ ಪರವಾಗಿಯೂ ಗಂಟೆಗಟ್ಟಲೆ ‘ಸಾಕು, ಕಟ್ಟು’ ಎಂದು ಕೂಗುತ್ತಿರುತ್ತದೆ. ಕೊಬ್ಬಿನಲ್ಲಿ ಕರಗುವ ಗುಣವುಳ್ಳದ್ದಾದುದರಿಂದ ದಿನಗಟ್ಟಲೆ ಮೈಯೊಳಗೆ ಉಳಿಯುತ್ತದೆ. ಕೂಗಿಗೆ ಬೇಸತ್ತ ಮೇಲಿನವನು ಕಡೆಗೆ ಕಿವಿಯನ್ನೇ ಮುಚ್ಚಿಕೊಳ್ಳುತ್ತಾನೆ, ಎಂದರೆ ದಿನವೂ ಸೇದುವವನ ಮಿದುಳಿನಲ್ಲಿ ಆ ಪೀಠಗಳ ಸಂಖ್ಯೆಯೇ ಇಳಿಯುತ್ತದೆ. ಆಮೇಲೆ ಮನೆಯ ಯಜಮಾನನೇ ನಿಜವಾಗಿ ಕೂಗಿದರೂ ಕೇಳುವವರಿಲ್ಲ. ಸೇದದ ದಿನ ಆ ಹುಡುಗನಿಗೆ ಊಟ ಸೇರದು, ನಿದ್ರೆ ಬಾರದು, ಯಾವ ಆಟದಲ್ಲಿಯೂ ಸುಖವಿಲ್ಲ.

ಈ ಪೀಠಗಳು ದಟ್ಟವಾಗಿರುವ ಎಡೆಗಳು ಯಾವುವು? ಹೊಸದನ್ನು ನೆನಪಿನಲ್ಲಿ ನಿಲಿಸುವ ಭಾಗ, ಭಯ ಮೊದಲಾದ ಭಾವಗಳ ಕೇಂದ್ರ, ಕೈಕಾಲುಗಳ ಚಲನೆಯನ್ನು ಹೊಂದಿಸುವ ಭಾಗಗಳು, ಮತ್ತು ಮುಂದಲೆಯ ವಿವೇಕದ ಹೊಲ. ಆ ಹೊಲದಲ್ಲಿ ಯಾವ ಸಸಿ ಉಳಿಯಬೇಕು, ಯಾವುದು ಹೋಗಬೇಕು ಎಂದು ಗೊತ್ತುಮಾಡುವ ಕೆಲಸದಲ್ಲಿಯೂ ಈ ಕೂಗಿನ ಏರ್ಪಾಡಿಗೆ ಪಾತ್ರವುಂಟು. ಯುರೋಪಿನಲ್ಲಿ 799 ಮಕ್ಕಳ ಮಿದುಳನ್ನು 14ನೆಯ ವಯಸ್ಸಿನ ಸುಮಾರಿಗೆ, ಅವರಾರೂ ಗಾಂಜೆಯನ್ನು ಮುಟ್ಟದಿದ್ದಾಗ ಒಮ್ಮೆಯೂ, 19ರ ಸುಮಾರಿಗೆ ಮತ್ತೊಮ್ಮೆಯೂ ಯಂತ್ರದಿಂದ ಚಿತ್ರಿಸಿದರು. 2021ರಲ್ಲಿ ಅದರ ಫಲ ಪ್ರಕಟವಾಯಿತು. ನಡುವಣ ವರುಷಗಳಲ್ಲಿ ಗಾಂಜೆ ಸೇದಿದವರಲ್ಲಿ ಮುಂದಲೆಯ ಹೊರಪದರವು ಉಳಿದವರಿಗಿಂತ ಹೆಚ್ಚು ತೆಳುವಾಗಿತ್ತು. ಸೇದಿದುದು ಹೆಚ್ಚಿದಷ್ಟೂ ತೆಳುವಾದುದೂ ಹೆಚ್ಚು. ತೆಳುವಾದ ಎಡೆಗಳು ಪೀಠಗಳು ದಟ್ಟವಾಗಿರುವ ಎಡೆಗಳೊಡನೆ ಹೊಂದಿಕೊಂಡಿದ್ದವು.

ಚಿತ್ರದಲ್ಲಿ ಕಾಣುವ ತೆಳುವಿಗಿಂತ ಬಾಳಿನಲ್ಲಿ ಕಾಣುವ ತೆಳುವು ಗೃಹಸ್ಥನಿಗೆ ಹತ್ತಿರದ ವಿಷಯ. ಮನಸ್ಸು ಬಲಿಯುವುದೆಂದರೇನು? ಪರೀಕ್ಷೆಯಲ್ಲಿ ಸೋತಾಗ, ಗೆಳೆಯನು ಕೈಬಿಟ್ಟಾಗ, ತಂದೆಯು ನಾಲ್ಕು ಜನರೆದುರು ಬಿರುನುಡಿದಾಗ ಎಳೆಯ ಮನಸ್ಸು ಉರಿಯುತ್ತದೆ. ಉರಿದು, ಒಂದೆರಡು ರಾತ್ರಿ ಹೊರಳಾಡಿ, ತಾಯಿಯೊಡನೆ ಆಡಿಯೋ ಆಡದೆಯೋ ಅಳುತ್ತ, ಕಡೆಗೆ ಹೇಗೋ ಅದನ್ನು ದಾಟುತ್ತದೆ. ಹೀಗೆ ದಾಟಿದಾಗಲೆಲ್ಲ ವಿವೇಕಕ್ಕೂ ಭಾವಕ್ಕೂ ನಡುವಣ ತಂತುಗಳು ಒಂದಿಷ್ಟು ಗಟ್ಟಿಯಾಗುತ್ತವೆ. ನೋವನ್ನು ತಾಳಿಕೊಳ್ಳುವ ವಿದ್ಯೆಗೆ ಇದರ ಹೊರತು ಬೇರೆ ಶಾಲೆಯಿಲ್ಲ. ಗಾಂಜೆಯು ಆ ರಾತ್ರಿಯ ಉರಿಯನ್ನು ಆರಿಸುತ್ತದೆ, ಅದು ನಿಜ. ಉರಿಯೊಡನೆ ಪಾಠವನ್ನೂ ಆರಿಸುತ್ತದೆ. ಪ್ರತಿ ದುಃಖಕ್ಕೂ ಹೊಗೆಯನ್ನೇ ಮದ್ದು ಮಾಡಿಕೊಂಡು ಬಂದ ಹುಡುಗನಿಗೆ ವಯಸ್ಸು 20 ಆದಾಗ, ದುಃಖವನ್ನು ತಾಳುವ ಶಕ್ತಿಯು ಅವನು ಮೊದಲು ಸೇದಿದ 14ರಲ್ಲಿಯೇ ನಿಂತಿರುತ್ತದೆ. ಹನ್ನೊಂದು ಅಧ್ಯಯನಗಳಲ್ಲಿನ 23,317 ಜನರ ವೃತ್ತಾಂತವನ್ನು ಒಟ್ಟುಗೂಡಿಸಿ 2019ರಲ್ಲಿ ಮಾಡಿದ ಪರಿಶೀಲನೆಯೊಂದರಲ್ಲಿ, 18 ವರುಷಕ್ಕೆ ಮುಂಚೆ ಗಾಂಜೆ ಸೇದಿದವರು ತಾರುಣ್ಯದಲ್ಲಿ ಖಿನ್ನತೆಗೊಳಗಾಗುವ ಸಂಭವವು ಸುಮಾರು ಮೂರನೆಯ ಒಂದು ಪಾಲಿನಷ್ಟು ಹೆಚ್ಚೆಂದು ಕಂಡಿತು. ಪ್ರಾಣವನ್ನು ಕಳೆದುಕೊಳ್ಳಲು ಯತ್ನಿಸುವ ಸಂಭವವು ಮೂರುಪಟ್ಟಿಗೂ ಮಿಗಿಲು.

ಚಿತ್ತವಿಕಾರದ ವಿಷಯವು ಇನ್ನೂ ಗಂಭೀರವಾದುದು. ಸ್ವೀಡನ್ ದೇಶದಲ್ಲಿ 1969-70ರಲ್ಲಿ ಸೈನ್ಯಕ್ಕೆ ಸೇರಿದ 45,570 ತರುಣರನ್ನು 15 ವರುಷ ಹಿಂಬಾಲಿಸಿ ನೋಡಿ, 1987ರಲ್ಲಿ ಫಲವನ್ನು ತಿಳಿಸಿದರು. 18ರ ಹೊತ್ತಿಗೆ 50ಕ್ಕೂ ಹೆಚ್ಚು ಸಾರಿ ಗಾಂಜೆ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ಚಿತ್ತರೋಗವು, ಸೇದದವರಿಗಿಂತ ಆರು ಪಟ್ಟು ಹೆಚ್ಚಾಗಿ ತಲೆದೋರಿತ್ತು. ಸೇದಿದವರಲ್ಲಿ ಬಹುಮಂದಿಗೆ ಆ ರೋಗವು ಬರಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳತಕ್ಕದ್ದು. ಆದರೆ ವಂಶದಲ್ಲಿ ಅಂಥ ರೋಗವುಳ್ಳ ಮನೆಯ ಮಗನಿಗೆ ಒಂದು ಚಿಲುಮೆಯೂ ಜೂಜೇ ಸರಿ.

ಬುದ್ಧಿಶಕ್ತಿಯ ಕುಂದಿನ ಬಗ್ಗೆ ವಿದ್ವಾಂಸರಲ್ಲಿ ಏಕಮತವಿಲ್ಲ. ನ್ಯೂಜಿಲೆಂಡಿನ ಡನೀಡಿನ್ ಪಟ್ಟಣದಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು 38ನೆಯ ವಯಸ್ಸಿನವರೆಗೆ ಪರೀಕ್ಷಿಸುತ್ತ ಬಂದವರು, ಹದಿಹರೆಯದಲ್ಲಿ ಆರಂಭಿಸಿ ಬಿಡದೆ ಮುಂದುವರಿಸಿದವರಲ್ಲಿ ಬುದ್ಧಿಯ ಅಳತೆಯು ಸುಮಾರು 8 ಅಂಕಗಳಷ್ಟು ಇಳಿಯಿತೆಂದೂ, ಪ್ರೌಢರಾದ ಮೇಲೆ ಆರಂಭಿಸಿದವರಲ್ಲಿ ಅಂಥ ಇಳಿತವು ಕಾಣಲಿಲ್ಲವೆಂದೂ 2012ರಲ್ಲಿ ಪ್ರಕಟಿಸಿದರು. 2016ರಲ್ಲಿ ಅಮೆರಿಕದ 3,000ಕ್ಕೂ ಹೆಚ್ಚು ಅವಳಿಗಳನ್ನು ಪರೀಕ್ಷಿಸಿದವರು, ಸೇದಿದವನಿಗೂ ಸೇದದ ಅವನ ಅವಳಿ ಸೋದರನಿಗೂ ಅಂಥ ಅಂತರವಿಲ್ಲವೆಂದೂ, ಕುಂದಿಗೆ ಮನೆತನದ ಸ್ಥಿತಿಗತಿಗಳೇ ಕಾರಣವಿರಬಹುದೆಂದೂ ವಾದಿಸಿದರು. ಇದನ್ನು ಮುಚ್ಚಿಡುವುದು ತರವಲ್ಲ. ಒಮ್ಮೆ ಸೇದಿದರೆ ಹುಚ್ಚು ಹಿಡಿದೇ ತೀರುವುದೆಂದು ಮನೆಯ ಹಿರಿಯರು ಬೆದರಿಸುವರು. ಮಗನು ನಾಲ್ಕು ಸಾರಿ ಸೇದಿದ ಗೆಳೆಯನು ನೆಟ್ಟಗಿರುವುದನ್ನು ಕಣ್ಣಾರೆ ಕಾಣುವನು. ಅಂದಿನಿಂದ ಹಿರಿಯರ ನಿಜವಾದ ಮಾತೂ ಅವನ ಕಿವಿಗೆ ಸುಳ್ಳಾಗುವುದು. ಸತ್ಯವನ್ನು ನುಡಿಯುವುದೇ ಆಚಾರವೆಂದು ನಂಬಿದವರ ಮನೆಯಲ್ಲಿ, ಮಗುವನ್ನು ಉಳಿಸುವ ನೆಪದಿಂದಲಾದರೂ ಉತ್ಪ್ರೇಕ್ಷೆಗೆ ಎಡೆಯಿರಕೂಡದು. ಸತ್ಯವೇ ಸಾಕಷ್ಟು ಭಾರವಾಗಿದೆ. ಗಾಂಜೆ ಸೇದುವವರಲ್ಲಿ ಅದಕ್ಕೆ ದಾಸರಾಗುವವರು 100ಕ್ಕೆ ಸುಮಾರು 9 ಮಂದಿ; ಹದಿಹರೆಯದಲ್ಲಿ ತೊಡಗಿದವರಲ್ಲಿ ಸುಮಾರು ಆರಕ್ಕೊಬ್ಬರು.

ಇಲ್ಲಿ ಒಂದು ಆಕ್ಷೇಪವು ಎದುರಾಗುತ್ತದೆ. ಸಾಕ್ಷಾತ್ ಶಿವನಿಗೇ ಭಂಗಿಯು ಪ್ರಿಯವಲ್ಲವೆ, ಸಾಧುಗಳು ಸೇದುವುದಿಲ್ಲವೆ, ಹಿಂದಿನವರು ಸೇದಿ ನೂರು ವರುಷ ಬಾಳಲಿಲ್ಲವೆ ಎಂದು ಹುಡುಗರು ಕೇಳುತ್ತಾರೆ. ಹುಡುಗರ ಹಿಂದೆ ನಿಂತು ಕೆಲವು ಹಿರಿಯರೂ ಕೇಳುತ್ತಾರೆ. ಶಿವನು ಹಾಲಾಹಲವನ್ನು ಕುಡಿದನೆಂದು ಪುರಾಣವು ಹೇಳುತ್ತದೆ. ಅದನ್ನು ಅನುಕರಿಸಲು ಹೊರಟ ಭಕ್ತನನ್ನು ಯಾರೂ ಕಂಡಿಲ್ಲ. ಹಿಂದಿನವರ ಸೊಪ್ಪಿಗೂ ಇಂದಿನ ಸರಕಿಗೂ ಬಲದಲ್ಲಿ ಬಹಳ ಅಂತರವುಂಟು: ಅಮೆರಿಕದಲ್ಲಿ ಪೊಲೀಸರು ಹಿಡಿದ ಮಾಲಿನಲ್ಲಿ 1995ರಲ್ಲಿ 100ಕ್ಕೆ ಸುಮಾರು 4 ಪಾಲು ಇದ್ದ ಟಿ.ಎಚ್.ಸಿ.ಯು 2014ರ ಹೊತ್ತಿಗೆ ಸುಮಾರು 12 ಪಾಲಾಗಿತ್ತು. 1985ರ ಕಾಯಿದೆಯು ಹೂತೆನೆಯನ್ನೂ ರಾಳವನ್ನೂ ನಿಷೇಧಿಸಿ, ಬರಿಯ ಎಲೆಯನ್ನು ಗಾಂಜೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆಯೆಂಬುದು ನಿಜ. ಕಾಯಿದೆಯು ಬಿಟ್ಟಿತೆಂದು ಮಿದುಳು ಬಿಡುವುದಿಲ್ಲ. ಎಲೆಯಲ್ಲಿಯೂ ಇರುವುದು ಅದೇ ಸಾರ.

2020ರಲ್ಲಿ ಕರ್ನಾಟಕದ ಉತ್ತರ ಭಾಗದ ಕೆಲವು ಗುಡಿಗಳಲ್ಲಿ ಗಾಂಜೆಯನ್ನು ಪ್ರಸಾದವೆಂದು ಕೊಡುವ ರೂಢಿಯು ವೃತ್ತಪತ್ರಿಕೆಗಳಲ್ಲಿ ವರದಿಯಾಯಿತು. ಆರೂಢ, ಅವಧೂತ ಪಂಥಗಳ ಹಳೆಯ ಸಂಪ್ರದಾಯವೆಂದು ಅದಕ್ಕೆ ಸಮಾಧಾನವನ್ನೂ ಹೇಳಲಾಯಿತು. ಸಂಸಾರವನ್ನು ತೊರೆದ ಮುದುಕನೊಬ್ಬನ ಚಿಲುಮೆಯ ನ್ಯಾಯಾನ್ಯಾಯಗಳನ್ನು ಇಲ್ಲಿ ತೂಗಬೇಕಾದುದಿಲ್ಲ. ಆದರೆ ಪ್ರಸಾದವೆಂಬ ಮಾತು ಬಂದಾಗ ಷಟ್‍ಸ್ಥಲವನ್ನು ಬಲ್ಲವರು ಸುಮ್ಮನಿರಲಾಗದು. ಪ್ರಸಾದಿಸ್ಥಲಕ್ಕೆ ಹೇಳಿದ ಭಕ್ತಿಯು ಅವಧಾನಭಕ್ತಿ. ಪದಾರ್ಥವನ್ನು ಲಿಂಗಕ್ಕೆ ಅರ್ಪಿಸುವಾಗ ಅದರ ರೂಪ, ರುಚಿ, ಗಂಧಗಳಲ್ಲಿ ಎಚ್ಚರ ತಪ್ಪದಿರುವುದೇ ಅವಧಾನ. ಗಾಂಜೆಯು ಮೊಟ್ಟಮೊದಲು ಕಸಿಯುವುದು ಆ ಅವಧಾನವನ್ನೇ. ಗಂಟೆಯ ಅಳತೆ ತಪ್ಪುತ್ತದೆ, ಹಿಡಿದ ಮಾತಿನ ಎಳೆ ಹರಿಯುತ್ತದೆ, ಈಗ ಕೇಳಿದುದು ಈಗಲೇ ಮರೆಯುತ್ತದೆ. ಅವಧಾನವನ್ನು ಕೊಲ್ಲುವ ಪದಾರ್ಥವು ಪ್ರಸಾದವಾಗುವ ಬಗೆಯನ್ನು ಹೇಳಬಲ್ಲವರು ಹೇಳಲಿ. ಗುರುವು ಇಷ್ಟಲಿಂಗವನ್ನಿರಿಸಿ ದೃಷ್ಟಿಯನ್ನು ನೆಲೆಗೊಳಿಸಲು ಕಲಿಸಿದ ಅದೇ ಎಳೆಯ ಅಂಗೈಯಲ್ಲಿ ಕೆಲವೇ ವರುಷಗಳ ಮೇಲೆ ಮತ್ತೊಬ್ಬನು ಚುಟ್ಟಿಯನ್ನಿರಿಸುತ್ತಾನೆ. ಎರಡಕ್ಕೂ ಆ ಅಂಗೈ ಸಾಲದು.

ಇದು ದೂರದ ದೇಶಗಳ ಸಮಸ್ಯೆಯೆಂದು ತಿಳಿಯುವಂತಿಲ್ಲ. ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯಂತೆ, ಭಾರತದಲ್ಲಿ ಹಿಂದಿನ ಒಂದು ವರುಷದೊಳಗೆ ಭಂಗಿ, ಗಾಂಜಾ, ಚರಸ್ಸುಗಳಲ್ಲಿ ಒಂದನ್ನು ಸೇವಿಸಿದವರು ಸುಮಾರು 3.1 ಕೋಟಿ, 10ರಿಂದ 17 ವರುಷದ ಮಕ್ಕಳಲ್ಲಿ ಅಂಥವರು ಸುಮಾರು 20 ಲಕ್ಷ.

ಇಳಕಲ್ಲಿನ ಮಠದ ಮಹಾಂತ ಸ್ವಾಮಿಗಳು, 2018ರಲ್ಲಿ ಲಿಂಗೈಕ್ಯರಾದವರು, ದಶಕಗಳ ಕಾಲ ಊರೂರಿಗೆ ಜೋಳಿಗೆ ಹಿಡಿದು ಹೋದರು. ಕಾಳನ್ನೂ ಕಾಣಿಕೆಯನ್ನೂ ಅವರು ಬೇಡಲಿಲ್ಲ. ದುಶ್ಚಟವನ್ನು ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ಆ ಜೋಳಿಗೆಯಲ್ಲಿ ಗಮನಿಸಬೇಕಾದುದೊಂದುಂಟು. ಗುರುವು ಶಿಷ್ಯನ ಮುಂದೆ ಬಾಗಿ ನಿಂತು ಬೇಡಿದರು, ಶಪಿಸಲಿಲ್ಲ. ಮಗನ ಅಂಗಿಯ ಜೇಬಿನಲ್ಲಿ ಪೊಟ್ಟಣವನ್ನು ಕಂಡ ತಂದೆಯ ಕೈ ಮೊದಲು ಕೋಲಿನ ಕಡೆಗೆ ಹೋಗುವುದು ಸಹಜ. ಹೊಡೆತ ತಿಂದ ಹುಡುಗನು ಗಾಂಜೆಯನ್ನು ಬಿಡುವುದಿಲ್ಲ, ಮನೆಯನ್ನು ಬಿಡುತ್ತಾನೆ. ಯಾವ ಉರಿಯನ್ನು ಆರಿಸಲು ಅವನು ಅಲ್ಲಿಗೆ ಹೋದನೆಂಬುದನ್ನು ಕೇಳಿ ತಿಳಿಯುವ ತಾಳ್ಮೆಯು ತಾಯಿತಂದೆಗಳಲ್ಲಿ ಒಬ್ಬರಿಗಾದರೂ ಇರಬೇಕು.

ಬಿಡಿಸುವಾಗ ತಿಳಿದಿರಬೇಕಾದುದು ಇನ್ನೊಂದು. ಬಿಟ್ಟ ಒಂದೆರಡು ದಿನಗಳಲ್ಲಿಯೇ ಸಿಡುಕು, ನಿದ್ರಾಹೀನತೆ, ಕೆಟ್ಟ ಕನಸು, ಊಟದಲ್ಲಿ ಅರುಚಿ, ಕಾರಣವಿಲ್ಲದ ತಳಮಳಗಳು ತೋರಿ ಮೊದಲ ವಾರದಲ್ಲಿ ಹೆಚ್ಚುತ್ತವೆ. ಎರಡು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಇರುತ್ತವೆ. ಇದನ್ನು ಅರಿಯದ ಮನೆಯವರು, ಬಿಟ್ಟ ಮೇಲೆ ಹುಡುಗನು ಇನ್ನೂ ಕೆಟ್ಟನೆಂದು ಬೈಯುತ್ತಾರೆ. ಅದೇ ಗಳಿಗೆಯಲ್ಲಿ ಅವನು ಮರಳಿ ಹೋಗುವುದು. ಕೆಟ್ಟುದಲ್ಲ, ಮುಚ್ಚಿದ್ದ ಕಿವಿಗಳು ತೆರೆಯುತ್ತಿರುವ ನೋವು ಅದು. ಬಿಟ್ಟ ಸುಮಾರು ನಾಲ್ಕು ವಾರಗಳಲ್ಲಿ ಪೀಠಗಳ ಸಂಖ್ಯೆಯು ಮರಳಿ ಮೊದಲಿನ ಮಟ್ಟಕ್ಕೆ ಬರುವುದನ್ನು ಪ್ರೌಢರಲ್ಲಿ ಅಳೆದು ನೋಡಿದ್ದಾರೆ. ಇಲ್ಲದ ದನಿಗಳು ಕೇಳುತ್ತವೆಂದೋ, ಯಾರೋ ಹಿಂಬಾಲಿಸುತ್ತಾರೆಂದೋ, ಬದುಕು ಬೇಡವೆಂದೋ ಹುಡುಗನು ಆಡಿದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಗೇ ಮೀಸಲಾದ ವಿಭಾಗವಿದೆ. 14446 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ವ್ಯಸನದ ಬಗ್ಗೆಯೂ, 14416ಕ್ಕೆ ಮಾಡಿದರೆ ಮನಸ್ಸಿನ ಬಾಧೆಯ ಬಗ್ಗೆಯೂ ಹಣವಿಲ್ಲದೆ ಸಲಹೆ ದೊರೆಯುತ್ತದೆ. ಬಾಸ್ಟನ್ನಿನಲ್ಲಿ 16ರಿಂದ 25 ವರುಷದ 88 ಮಂದಿ ಸೇದುವವರಲ್ಲಿ ಹೆಚ್ಚಿನವರನ್ನು ಒಂದು ತಿಂಗಳು ಬಿಡುವಂತೆ ಒಪ್ಪಿಸಿ ವಾರವಾರವೂ ಪರೀಕ್ಷಿಸಿದರು. ಗಮನಶಕ್ತಿಯಲ್ಲಿ ಬದಲಾವಣೆ ಕಾಣಲಿಲ್ಲ. ಆದರೆ ಕೇಳಿದುದನ್ನು ನೆನಪಿನಲ್ಲಿರಿಸಿಕೊಳ್ಳುವ ಶಕ್ತಿಯು ಬಿಟ್ಟವರಲ್ಲಿ ಹೆಚ್ಚಿತು, ಅದರ ಬಹುಪಾಲು ಮೊದಲನೆಯ ವಾರದಲ್ಲಿಯೇ ಹೆಚ್ಚಿತು, ಎಂದು 2018ರಲ್ಲಿ ಬರೆದರು. ಮನೆಯವರು ತಾಳಲಾರದೆ ಬೈಯುವ ವಾರವೂ ಅದೇ.